ಎರಡು ಹೆಜ್ಜೆ ಅಗಲ

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ನನಗಿದ್ದದ್ದು ಒಂದು ಹಳೆಯ ಜಮಖಾನ.
ಅದರೊಳಗೇ ಕೈಯನ್ನೂ ಚಾಚಬೇಕು ಅಂದಳು
ತಂಗಿಯ ಮಗಳು ಯಾಗ್ನಾ,
ಊಟದ ಮೇಜನ್ನು ಸೊಂಟದಿಂದ ಗೋಡೆಗೆ ದೂಡುತ್ತ.

ಪೋಲೆಂಡಿನ ವೂಚ್ ನಗರ, ನಾಲ್ಕನೇ ಮಹಡಿ.
ನವೆಂಬರಿನಲ್ಲಿ ಮೂರೂವರೆಗೇ ದೀಪ ಹಾಕಬೇಕು.
ನಡೆಯಿರಿ, ಎಂದು ಚೀಟಿ ಬರೆದರು ಡಾಕ್ಟರು.
ಎಲ್ಲಿ ನಡೆಯಲಿ?
ಹೊರಗೆ ಮೆಟ್ಟಿಲಿನ ಮೇಲೆ ಗಾಜಿನಂಥ ಹಿಮ,
ಒಳಗೆ ಒಲೆಯಿಂದ ಮಂಚಕ್ಕೆ ಹನ್ನೊಂದು ಹೆಜ್ಜೆ.

ಅದಕ್ಕೇ ಈ ಪೆಟ್ಟಿಗೆ.
ಜಟಕಾ ಕುದುರೆಗೆ ಕಣ್ಣುಪಟ್ಟಿ ಕಟ್ಟುವುದು
ಅದು ಅತ್ತಿತ್ತ ನೋಡದಿರಲೆಂದು.
ಇದನ್ನು ಕಟ್ಟಿಕೊಂಡರೆ
ಅತ್ತ ಕೆರೆ, ಇತ್ತ ಕೆರೆ, ಬೆನ್ನ ಹಿಂದೆ ನೀಲಿ ಗುಡ್ಡ.
ಕಣ್ಣಿಗೆ ಕಟ್ಟಿದ ಹಾಗೆ ಎಂಬ ಮಾತಿಗೆ
ಅರವತ್ತೇಳನೇ ವಯಸ್ಸಿಗೆ ಅರ್ಥ ಸಿಕ್ಕಿತು,
ಜೊತೆಗೆ ತಲೆಸುತ್ತು.

ಮೊದಲ ದಿನ ಹತ್ತು ನಿಮಿಷ, ಅಷ್ಟೇ,
ಎಂದು ಹೇಳಿ ಹೋಗಿದ್ದಳು ಹುಡುಗಿ.
ನಾನು ಇಪ್ಪತ್ತು ಮಾಡಿದೆ.
ಆಮೇಲೆ ಸಂಜೆಯೆಲ್ಲ ಬಕೆಟ್ಟಿನ ಪಕ್ಕದಲ್ಲಿ
ಸೌತೆ ಉಪ್ಪಿನಕಾಯಿಯ ನೀರು ಗುಟುಕರಿಸುತ್ತ ಕೂತೆ.
ಎರಡನೇ ದಿನ ಕನ್ನಡಕಕ್ಕೆ ಮಂಜು ಕವಿಯಿತು.
ಮೂರನೇ ದಿನ ಬಲಗೈ ಆಕಾಶಕ್ಕೆ ಹೋಯಿತು,
ಆಕಾಶದಲ್ಲಿ ಅತ್ತೆಯ ಕಾಲದ ದೀಪದ ಗುಮ್ಮಟವಿತ್ತು.
ಚೂರು ಗುಡಿಸಿದೆ. ಅಳಲಿಲ್ಲ.
ನಿಜ ಹೇಳಬೇಕೆಂದರೆ, ಆ ಗುಮ್ಮಟ ನನಗೆಂದೂ ಸೇರಿರಲಿಲ್ಲ.

ಕೆರೆಯ ದಂಡೆಯಲ್ಲಿ ಒಬ್ಬ ತರಬೇತುದಾರ.
ಹಲ್ಲು ಬಿಳಿ, ತೋಳು ಮರದ ದಿಮ್ಮಿ.
ನನ್ನ ಎಡಗಿವಿ ಗಿರಣಿಗೆ ಕೊಟ್ಟದ್ದು,
ಬಲಗಿವಿ ಅರ್ಧ.
ಮಗ್ಗಗಳ ಆ ಅಬ್ಬರದಲ್ಲಿ ನಾವು ಹೆಂಗಸರು
ತುಟಿ ನೋಡಿಯೇ ಮಾತಾಡಿದವರು,
ಯಾರ ಗಂಡ ಕುಡಿದ, ಯಾರಿಗೆ ತಿಂಗಳು ನಿಂತಿತು,
ಎಲ್ಲವೂ ತುಟಿಯಿಂದ ಕಣ್ಣಿಗೆ.
ಇವನ ತುಟಿ ಓದಲು ಹೋದರೆ
ಅದು ಬೇರೇನನ್ನೋ ಅಗಿಯುತ್ತಿರುತ್ತದೆ.
ಇಂಥವನ ಮಾತು ನಂಬಬಾರದು, ಅಂದುಕೊಂಡೆ.

ಆದರೆ ಕೈಹಿಡಿಗಳು ನಡುಗುತ್ತವಲ್ಲ!
ತಾಳಕ್ಕೆ ಸರಿಯಾಗಿ ಕೆಂಪು ಚೆಂಡು ಎಡಕ್ಕೆ,
ನೀಲಿ ಚೆಂಡು ಬಲಕ್ಕೆ,
ಹೊಡೆದಾಗ ಅಂಗೈಯಲ್ಲಿ ಸಣ್ಣ ಝುಂ.
ಆ ಝುಂ ನನಗೆ ಗೊತ್ತು.
ಮೂವತ್ತೊಂದು ವರ್ಷ ಅಂಗಾಲಿನಿಂದ ಹತ್ತಿ
ಹಲ್ಲಿನವರೆಗೆ ಬರುತ್ತಿದ್ದದ್ದು ಅದೇ.
ಲಾಳಿ ಆ ಕಡೆ, ಲಾಳಿ ಈ ಕಡೆ,
ಎಳೆ ಕಡಿದಲ್ಲಿಗೆ ಬಾಗಬೇಕು, ಎದ್ದು ಮುಂದಿನದಕ್ಕೆ ಹೋಗಬೇಕು.
ಯೋಚಿಸುವ ಮೊದಲೇ ಮೊಣಕಾಲು ಬಾಗಿತು.
ನೂರಕ್ಕೆ ತೊಂಬತ್ತೆರಡು ಎಂದು ಬರೆದುಕೊಂಡು
ಕೆರೆಯ ಮೇಲೆ ಬಾಣ ಬಿರುಸು.

ಗಿರಣಿಯಲ್ಲಿ ಯಾರೂ ಬಿರುಸು ಹಾರಿಸಿರಲಿಲ್ಲ.

ಒಂದು ದಿನ ತಾಳ ವಿಚಿತ್ರವಾಗಿತ್ತು,
ಕಾಲ ಕೆಳಗಿಂದ ಮೂರು ಗುದ್ದು, ಬಿಟ್ಟು, ಮತ್ತೆ ಮೂರು.
ಹೊಸ ಹಾಡಿರಬೇಕು ಎಂದು
ಅದಕ್ಕೂ ಕುಣಿದೆ, ಚೆನ್ನಾಗಿಯೇ ಕುಣಿದೆ.
ಪೆಟ್ಟಿಗೆ ಕಳಚಿದರೆ ಬಾಗಿಲಲ್ಲಿ
ಕೆಳಮನೆಯ ಗಾಂಚಾರೆಕ್, ಕೈಯಲ್ಲಿ ಪೊರಕೆ,
ತಲೆಯ ಮೇಲೆ ಸುಣ್ಣದ ಹಕ್ಕಳೆ.
ಅವನ ತುಟಿ ಮಾತ್ರ ಸ್ಪಷ್ಟವಾಗಿ ಓದಬಹುದಿತ್ತು,
ಇಲ್ಲಿ ಬರೆಯಲಾರೆ.

ಒಪ್ಪಂದವಾಯಿತು: ಅವನು ಬ್ರೆಡ್ಡಿಗೆ ಹೋಗುವ
ನಾಲ್ಕರಿಂದ ನಾಲ್ಕೂಕಾಲು ನನ್ನದು.
ಜಮಖಾನದ ಕೆಳಗೆ ಹಳೆಯ ಕಂಬಳಿ ಎರಡು ಮಡಿಕೆ.
ನೆಗೆತ ಬೇಡ, ಬಾಗುವುದು ಸಾಕು.
ಸರದಿ ಉದ್ದವಿದ್ದರೆ ಅವನು ತಡಮಾಡುತ್ತಾನೆ,
ಅಂದು ನನಗೆ ಒಂದು ಪಾಠ ಹೆಚ್ಚು.

ಬೆಕ್ಕು ಮಾತ್ರ ಇನ್ನೂ ನಂಬಿಲ್ಲ.
ಜಮಖಾನದ ಅಂಚಿನಲ್ಲಿ ಕೂತು ನೋಡುತ್ತದೆ,
ಇಲ್ಲದ ನೊಣಗಳನ್ನು ಹೊಡೆಯುವ ಯಜಮಾನಿಯನ್ನು.

ಇವತ್ತು ಮುಗಿಸಿ, ಬೆವರು ಒರೆಸಿಕೊಂಡು,
ಹಾಲು ತರಲು ಇಳಿದೆ.
ಕಣ್ಣ ಸುತ್ತ ಪಟ್ಟಿಯ ಕೆಂಪು ಗೆರೆ ಹಾಗೇ ಉಳಿದಿತ್ತು.
ನಿದ್ದೆಯಿಂದ ಎದ್ದು ಬಂದಿರಾ, ಎಂದಳು ಅಂಗಡಿಯ ಹೆಣ್ಣು.

ಇಲ್ಲಮ್ಮ, ಕೆರೆಯಿಂದ, ಅಂದೆ.
ಚಿಲ್ಲರೆ ಎಣಿಸುತ್ತಿದ್ದವಳು
ಕಿಟಕಿಯಾಚೆಯ ಹಿಮ ನೋಡಿದಳು,
ನನ್ನ ಚಪ್ಪಲಿ ನೋಡಿದಳು.